ಎಡಗಡೆಯ ಎಂಜಿನ್

ಬೆಳಗ್ಗೆಯಿಂದ ನನ್ನ ಕೈಗಳಿಗೆ ಕೆಲಸವಿರಲಿಲ್ಲ. ಸಂಕಟ ಶುರುವಾದದ್ದೇ ಅಲ್ಲಿಂದ.

ವಿಮಾನಕ್ಕೆ ಒಂದು ಸುತ್ತು ಬಂದೆ. ಶೆಡ್ಡಿಗೆ ಹೋದೆ, ಯಾಕೆ ಹೋದೆನೆಂದು ಮರೆತು ವಾಪಸು ಬಂದೆ. ಟೈರನ್ನು ಒದ್ದು ನೋಡಿದೆ. ರೆಕ್ಕೆಯ ಕೆಳಗೆ ಬಗ್ಗಿ ಕೆಲಸ ಮಾಡುತ್ತಿದ್ದ ಮಗಳು ರಾಲಿತ್ಸಾ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

ಆ ವಿಮಾನ ನನ್ನದು. ಎರಡು ಎಂಜಿನ್ನಿನ ಸಣ್ಣ ವಿಮಾನ, ರೆಕ್ಕೆಗಳು ನಮ್ಮ ಸೊಂಟದ ಎತ್ತರಕ್ಕಿವೆ. ಸಹಕಾರಿ ಸಂಘದ ಹೊಲಗಳ ಮೇಲೆ ಔಷಧಿ ಹೊಡೆಯುವ ಒಂಟಿ ಎಂಜಿನ್ನಿನ ವಿಮಾನಗಳಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಸಂಘ ಮುಚ್ಚಿದ ಮೇಲೆ ಈ ಗುಜರಿಯನ್ನು ಎಳೆದು ತಂದು, ಚಳಿಗಾಲದ ಮೇಲೆ ಚಳಿಗಾಲ ಅದರ ಹೊಟ್ಟೆಯೊಳಗೆ ಕೂತು, ಒಂದೊಂದೇ ತಿರುಪು ಬದಲಾಯಿಸಿ ಹಾರುವ ಹಾಗೆ ಮಾಡಿದೆ. ಅದು ಹಾರಲು ಶುರುಮಾಡಿ ಸ್ವಲ್ಪ ಕಾಲವಾಗಿತ್ತು, ಅಷ್ಟರಲ್ಲಿ ಡಾಕ್ಟರೊಬ್ಬ ನನ್ನ ಎದೆಬಡಿತ ಕೇಳಿ, ಬಾಡಿಗೆ ಹಾರಾಟಕ್ಕೆ ಇನ್ನು ನೀನು ಬೇಡ ಎಂದು ಬರೆದುಬಿಟ್ಟ. ನಾನು ಅವನ ಮೇಜು ಗುದ್ದಿದೆ. ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ಅದನ್ನೂ ಬರೆದುಕೊಂಡ.

ಬೇರೆ ಪೈಲಟ್‌ಗಳನ್ನು ಇಟ್ಟು ನೋಡಿದೆ. ಒಬ್ಬನೂ ನಿಲ್ಲಲಿಲ್ಲ. ಕೊನೆಯವನು ಊಟದ ಡಬ್ಬಿಯನ್ನು ಶೆಡ್ಡಿನಲ್ಲೇ ಬಿಟ್ಟು ಹೋದ, ತೆಗೆದುಕೊಳ್ಳಲೂ ಬರಲಿಲ್ಲ. ನನ್ನ ಬಾಯಿ ಅಂಥದ್ದು ಎಂದು ಊರೆಲ್ಲ ಹೇಳುತ್ತದೆ. ಇರಬಹುದು.

ಹೀಗಾಗಿ ಮಿಕ್ಕವಳು ಮಗಳು. ಹಾರುವುದನ್ನು ಮೊದಲು ಅವಳಿಗೆ ಕಲಿಸಿದವನು ನಾನೇ. ಬಾಡಿಗೆಗೆ ಹಾರಿಸುವ ದೊಡ್ಡ ಪರವಾನಗಿಯನ್ನು ಈ ವಸಂತದಲ್ಲಿ ಪಡೆದಳು. ರಾಜಧಾನಿ ಸೋಫಿಯಾದ ಒಂದು ವಿಮಾನ ಕಂಪನಿ ಕರೆದಿತ್ತು. ಅಲ್ಲಿಗೆ ಹೋಗದೆ ನನ್ನ ಜೊತೆ ಹಾರಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಹಾರಲೆಂದು ಚಕ್ರ ಉರುಳಿದಾಗಿನಿಂದ ನಿಲ್ಲುವವರೆಗೆ ನಾನು ಬಾಯಿ ತೆರೆಯಬಾರದು, ಯಾವುದನ್ನೂ ಮುಟ್ಟಬಾರದು. ಒಮ್ಮೆ ಮುಟ್ಟಿದರೂ ಅವಳು ಸೋಫಿಯಾಕ್ಕೆ ಹೋಗುತ್ತಾಳೆ. ಅವಳು ಹೋದರೆ ವಿಮಾನ ಕೋಳಿಗೂಡಾಗುತ್ತದೆ, ಮನೆಯಲ್ಲಿ ನಾನೊಬ್ಬನೇ ಗೋಡೆಗಳನ್ನು ಬಯ್ಯುತ್ತಾ ಕೂರಬೇಕಾಗುತ್ತದೆ. ಹೆಂಡತಿ ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ವರ್ಷಗಳಾದವು. ಹಬ್ಬಕ್ಕೆ ಬರುತ್ತಾಳೆ, ಹೋಗುತ್ತಾಳೆ. ಇದೆಲ್ಲ ರಾಲಿತ್ಸಾಗೆ ಗೊತ್ತು. ಗೊತ್ತಿದ್ದೇ ಷರತ್ತು ಹಾಕಿದ್ದಳು.

ಇವತ್ತು ಅವಳ ಮೊದಲನೆಯ ಬಾಡಿಗೆ ಹಾರಾಟ. ಸಾಮಾನು ಜೇನುಹುಳ. ಗ್ರೀಸಿನ ಲಿಮ್ನೋಸ್ ದ್ವೀಪದಲ್ಲಿ ಕಾಳ್ಗಿಚ್ಚಿಗೆ ಜೇನುಗೂಡುಗಳೆಲ್ಲ ಸುಟ್ಟುಹೋಗಿದ್ದವಂತೆ. ಅಲ್ಲಿನ ಜೇನು ಸಾಕಣೆಯವನೊಬ್ಬ ನಮ್ಮೂರ ದೆಲ್ಚೊನಿಂದ ಹೊಸ ಜೇನು ಸಂಸಾರಗಳನ್ನು ತರಿಸಿಕೊಳ್ಳುತ್ತಿದ್ದ. ಲಾರಿಯಲ್ಲಿ, ಹಡಗಿನಲ್ಲಿ ಹೋದರೆ ಈ ಬಿಸಿಲಿಗೆ ಹುಳ ಬೆಂದುಹೋಗುತ್ತವೆ. ಪ್ಲೊವ್ದಿವ್ ವಿಮಾನ ನಿಲ್ದಾಣದಲ್ಲಿ ಇಳಿದು ಕಾಗದದ ಕೆಲಸ ಮುಗಿಸಿ, ಬೆಟ್ಟ ದಾಟಿ, ಸಮುದ್ರ ದಾಟಿದರೆ ಮಧ್ಯಾಹ್ನದೊಳಗೆ ದ್ವೀಪ.

ದೆಲ್ಚೊ ಪೆಟ್ಟಿಗೆಗಳನ್ನು ಒಂದೊಂದಾಗಿ, ಒಳಗೆ ಕೂಸು ಮಲಗಿದೆಯೇನೋ ಎಂಬಂತೆ ಹೊತ್ತು ತರುತ್ತಿದ್ದ. ಪ್ರತಿ ಪೆಟ್ಟಿಗೆಯ ಮೇಲೆ ಬಲೆ ಬಿಗಿದಿತ್ತು. ಒಳಗೆ ಹುಳಗಳು ಒಂದೇ ಸಮನೆ ಮೊರೆಯುತ್ತಿದ್ದವು. ಹಿಂದಿನ ಸೀಟುಗಳನ್ನು ಕಿತ್ತು ಜಾಗ ಮಾಡಿದ್ದೆವು. ಜಾಗ ತುಂಬಿದ ಮೇಲೂ ಅವನು ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ಬಂದ.

“ರಾಂಗೆಲಣ್ಣ, ಇದೊಂದು ಕಾಲ ಹತ್ರ ಇಟ್ಕೊಳ್ಳಿ. ಪುಟ್ಟದು.”

ನಾನು ಬಾಯಿ ತೆರೆದೆ. ಚಕ್ರ ಇನ್ನೂ ಉರುಳಿರಲಿಲ್ಲವಾದ್ದರಿಂದ ತೆರೆಯುವ ಹಕ್ಕು ನನಗಿತ್ತು. ವಿಮಾನವೆಂದರೆ ಕತ್ತೆಗಾಡಿಯಲ್ಲ, ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ಏಳುವುದು ಕಷ್ಟ, ಇನ್ನೊಂದು ಪೆಟ್ಟಿಗೆ ಹತ್ತಿಸಿದರೆ ನಿನ್ನನ್ನೇ ಇಳಿಸಿ ಹೂಳುತ್ತೇನೆ ಎಂದೆ. ತಾನು ಹತ್ತುವವನೇ ಅಲ್ಲವಲ್ಲ ಎಂದು ದೆಲ್ಚೊ ಗೊಣಗಿದ. ಅದಕ್ಕೂ ಬಯ್ದೆ.

ಈ ನಡುವೆ ರಾಲಿತ್ಸಾ ತನ್ನ ಪಾಡಿಗೆ ಕೆಲಸ ಮುಗಿಸಿದಳು. ರೆಕ್ಕೆಯ ಅಡಿಯಲ್ಲಿ ಟ್ಯಾಂಕಿನ ತಳದ ಸಣ್ಣ ನಲ್ಲಿ ಇರುತ್ತದೆ. ಅದರಿಂದ ಗಾಜಿನ ಲೋಟಕ್ಕೆ ಸ್ವಲ್ಪ ಪೆಟ್ರೋಲು ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ವಿಮಾನದ ಪೆಟ್ರೋಲು ನೀಲಿ. ಅದರಲ್ಲಿ ನೀರು ಸೇರಿದ್ದರೆ ಭಾರಕ್ಕೆ ತಳದಲ್ಲಿ ಬೆಳ್ಳಗೆ ನಿಲ್ಲುತ್ತದೆ. ಎಡಗಡೆಯದ್ದು ನೋಡಿದಳು, ಬಲಗಡೆಯದ್ದು ನೋಡಿದಳು. ಎರಡೂ ಅಪ್ಪಟ ನೀಲಿ. ನನಗೂ ತೋರಿಸಿದಳು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ.

ಅಷ್ಟರಲ್ಲಿ ಬೇಲಿಯ ಗೇಟು ಕಿರುಗುಟ್ಟಿತು. ನನ್ನ ಅಕ್ಕ ಪೆನಾ ಬಂದಳು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ, ಚೀಸ್ ತುಂಬಿದ ಬಾನಿತ್ಸಾ ರೊಟ್ಟಿಯ ತಟ್ಟೆ, ಇನ್ನೊಂದರಲ್ಲಿ ನಮ್ಮಮ್ಮನ ಕಾಲದ ತಾಮ್ರದ ಬಿಂದಿಗೆ. ಬಿಂದಿಗೆಯ ನೀರಲ್ಲಿ ಜೆರೇನಿಯಂ ಚಿಗುರು ತೇಲುತ್ತಿತ್ತು. ನಮ್ಮಲ್ಲಿ ಯಾರೇ ದೊಡ್ಡ ಕೆಲಸಕ್ಕೆ ಹೊರಟರೂ, ಶಾಲೆಗೆ, ಸೈನ್ಯಕ್ಕೆ, ಮದುವೆಗೆ, ಅವರ ಮುಂದೆ ನೆಲಕ್ಕೆ ನೀರು ಹುಯ್ಯುತ್ತಾರೆ. ಅವರು ಅದನ್ನು ದಾಟಿ ಹೋಗುತ್ತಾರೆ. ಕೆಲಸ ನೀರು ಹರಿದ ಹಾಗೆ ಸಲೀಸಾಗಲಿ ಎಂದು. ರಾಲಿತ್ಸಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಪೆನಾಳೇ. ಅವಳು ಬಿಂದಿಗೆ ಇಲ್ಲದೆ ಬಂದಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು.

ಮಗಳ ಮುಂದೆ ಸಿಮೆಂಟಿನ ಮೇಲೆ ನೀರು ಹುಯ್ದಳು. ರಾಲಿತ್ಸಾ ನಗುತ್ತಾ ದಾಟಿದಳು, ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ನನಗೂ ಸ್ವಲ್ಪ ಹುಯ್ಯಲು ಬಂದಳು ಅಕ್ಕ. ನಾನು ಹೋಗುತ್ತಿರುವುದು ಸಾಮಾನಿನ ಲೆಕ್ಕದಲ್ಲಿ, ನನಗೆ ಬೇಡ ಎಂದೆ.

“ಗೊತ್ತು ಕಣೋ, ಷರತ್ತು ಹಾಕಿದಾಳಂತೆ,” ಎಂದಳು ಅಕ್ಕ. “ಶಾಲೇಲಿ ಮಾಸ್ತರು ನಿನ್ನ ಹೇಗೆ ಕೂರಿಸ್ತಿದ್ರು ನೆನಪಿದ್ಯಾ? ಕೈ ಎರಡೂ ತೊಡೆ ಕೆಳಗಿಟ್ಟು, ಅದರ ಮೇಲೇ ಕೂತ್ಕೋ ಅಂತಿದ್ರು. ಹಂಗೇ ಕೂತ್ಕೋ.”

ದೆಲ್ಚೊ ನಕ್ಕ. ನಾನು ಅವನ ಮೇಲೆ ಹರಿಹಾಯ್ದು, ಪೆಟ್ಟಿಗೆ ಬಿಗಿದ ಪಟ್ಟಿಗಳೆಲ್ಲ ಸಡಿಲ, ಬಾ ಇಲ್ಲಿ ಎಂದು ವಿಮಾನದ ಹಿಂಬಾಗಿಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಒಳ್ಳೆಯ ಜಗಳವೇ ಆಯಿತು. ಬಗ್ಗಿ ಪಟ್ಟಿ ಎಳೆಯುತ್ತಿದ್ದಾಗ ಅಕ್ಕ ಬಿಂದಿಗೆ ಹಿಡಿದು ರೆಕ್ಕೆಯ ಹತ್ತಿರ ಸುಳಿದಾಡುವುದು ಕಂಡಿತು. ಏನನ್ನೂ ಮುಟ್ಟಬೇಡ ಎಂದು ಅಲ್ಲಿಂದಲೇ ಕೂಗಿದೆ. ಮುಟ್ಟಲ್ಲಪ್ಪ ಎಂದಳು. ರಾಲಿತ್ಸಾ ಆಗಲೇ ತನ್ನ ಸೀಟಿನಲ್ಲಿ ಕೂತು ನಕ್ಷೆ ಬಿಡಿಸಿದ್ದಳು.

ನಾನು ಬಲಗಡೆಯ ಸೀಟಿಗೆ ಹತ್ತಿ ಕೂತೆ. ಮುಂದಿನ ಒಂದೇ ಬಾಗಿಲು ನನ್ನ ಪಕ್ಕದಲ್ಲಿತ್ತು. ಅದನ್ನು ಎಳೆದು ಹಾಕಿದೆ. ಎಂಜಿನ್‌ಗಳು ಶುರುವಾದವು. ಎರಡೂ ಚೆನ್ನಾಗಿಯೇ ಮಾತಾಡಿದವು. ರನ್‌ವೇ ಕೊನೆಗೆ ಹೋಗಿ ತಿರುಗಿ ನಿಂತೆವು. ಅವಳು ಪಟ್ಟಿ ಮಾಡಿಕೊಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡು ಒಂದೊಂದನ್ನೇ ಮುಟ್ಟಿ ನೋಡಿದಳು. ನಿಧಾನ, ಎಷ್ಟು ನಿಧಾನ. ನನ್ನ ಮೊಣಕಾಲು ತಾನಾಗಿ ಕುಣಿಯತೊಡಗಿತು. ಅವಳು ಅದನ್ನು ನೋಡಿದಳು. ಕೈಯಿಂದ ಒತ್ತಿ ಹಿಡಿದೆ.

ಚಕ್ರ ಉರುಳಿತು. ನನ್ನ ಬಾಯಿ ಮುಚ್ಚಿತು.

ಭಾರದ ವಿಮಾನ, ಕಾದ ಗಾಳಿ. ರನ್‌ವೇ ಮುಗಿಯುತ್ತಾ ಬಂದರೂ ನೆಲ ಬಿಡಲು ಮನಸ್ಸಿಲ್ಲ ಅದಕ್ಕೆ. ಎಳಿ ಎಳಿ ಎಂದು ಒಳಗೇ ಹೇಳಿಕೊಂಡೆ. ಅವಳು ಎಳೆಯಲಿಲ್ಲ, ಕಾದಳು. ಆಮೇಲೆ ಎರಡು ಬೆರಳಲ್ಲಿ ಎತ್ತಿದಂತೆ ಎತ್ತಿದಳು. ರನ್‌ವೇಯ ಅಂಚು ಕೆಳಗೆ ಸರಿಯಿತು. ಮುಂದೆ ದೂರದವರೆಗೂ ಸೂರ್ಯಕಾಂತಿಯ ಹೊಲ, ಅದರಾಚೆ ಕಾಲುವೆ, ಪಾಪ್ಲರ್ ಮರಗಳ ಸಾಲು, ನಮ್ಮೂರ ಚಾವಣಿಗಳು. ಚಕ್ರಗಳನ್ನು ಒಳಕ್ಕೆ ಎಳೆದುಕೊಂಡಳು.

ಆಗ ಬಲಗಡೆಯ ಎಂಜಿನ್ ಕೆಮ್ಮಿತು.

ಎರಡು ಸಲ ಕೆಮ್ಮಿ, ಉಸಿರು ಬಿಟ್ಟು, ಎಳೆಯುವುದನ್ನೇ ನಿಲ್ಲಿಸಿತು. ಪಂಖ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು. ಎಡಗಡೆಯದ್ದು ಪೂರಾ ಜೋರಿನಲ್ಲಿ ಎಳೆಯುತ್ತಿದ್ದರಿಂದ ಮೂತಿ ಬಲಕ್ಕೆ ಹೊರಳಿತು, ರೆಕ್ಕೆ ಬಲಕ್ಕೆ ವಾಲಿತು. ರಾಲಿತ್ಸಾಳ ಎಡಗಾಲು ಪೆಡಲನ್ನು ಕೊನೆಯವರೆಗೆ ತುಳಿಯಿತು. ಬಲಗಾಲು ಸುಮ್ಮನಿತ್ತು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ. ಇದನ್ನು ನಾನೇ ಅವಳಿಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಕಲಿಸಿದ್ದೆ. ಅದೇ ಕುರ್ಚಿಯಲ್ಲಿ ಇನ್ನೊಂದನ್ನೂ ಕಲಿಸಿದ್ದೆ. ವೇಗ ತೋರಿಸುವ ಗಡಿಯಾರದ ಮೇಲೆ ಒಂದು ನೀಲಿ ಗೆರೆ ಇರುತ್ತದೆ. ಮುಳ್ಳು ಅದನ್ನು ಮುಟ್ಟಿದ್ದರೆ ಒಂದೇ ಎಂಜಿನ್ನಿನಲ್ಲಿ ಏರಬಹುದು. ಮುಟ್ಟಿಲ್ಲದಿದ್ದರೆ ಚೌಕಾಸಿ ಇಲ್ಲ, ಎರಡನ್ನೂ ನಿಲ್ಲಿಸಿ ಎದುರಿಗಿದ್ದಲ್ಲಿ ಇಳಿಸು.

ಕಲಿಸಿದ್ದು ಕುರ್ಚಿಯಲ್ಲಿ. ಈಗ ನಾನು ಮುಳ್ಳನ್ನು ನೋಡಲೇ ಇಲ್ಲ. ನನ್ನ ಕಿವಿಗೆ ಕೇಳಿಸುತ್ತಿದ್ದದ್ದು ಎಡಗಡೆಯ ಎಂಜಿನ್. ಎಷ್ಟು ಚೆನ್ನಾಗಿ ಗರ್ಜಿಸುತ್ತಿತ್ತು ಅದು! ಅದರ ಒಂದೊಂದು ಉಂಗುರವನ್ನೂ ನನ್ನ ಕೈಯಿಂದ ಕೂರಿಸಿದ್ದೆ. ಅದು ನಮ್ಮನ್ನು ಹೊತ್ತುಕೊಂಡು ಹೋಗುತ್ತದೆ, ಒಂದು ಸುತ್ತು ತಿರುಗಿಸಿದರೆ ರನ್‌ವೇ ಅಲ್ಲೇ ಹಿಂದೆ ಇದೆ, ವಿಮಾನ ಉಳಿಯುತ್ತದೆ. ನನ್ನ ಕೈ ಎದುರಿನ ಚುಕ್ಕಾಣಿಯ ಹಿಡಿಯನ್ನು ಹಿಡಿದಿತ್ತು. ಯಾವಾಗ ಹಿಡಿಯಿತೋ ಕಾಣೆ.

“ಅಪ್ಪ, ಕೈ.”

ಅವಳು ಕೂಗಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಊಟಕ್ಕೆ ಕೂತಾಗ ಕೈ ತೊಳೆದಿಲ್ಲ ಎಂದು ನೆನಪಿಸುವ ದನಿ.

ನಾನು ಕೈ ಬಿಟ್ಟೆ. ಬಿಟ್ಟು, ಎರಡನ್ನೂ ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತೆ.

ಅವಳು ಎರಡೂ ಲಿವರುಗಳನ್ನು ಹಿಂದಕ್ಕೆ ಎಳೆದಳು. ಗರ್ಜಿಸುತ್ತಿದ್ದ ಎಂಜಿನ್ ಕೂಡ ಸುಮ್ಮನಾಯಿತು. ಗಾಳಿಯ ಸದ್ದು, ಹಿಂದೆ ಜೇನುಹುಳಗಳ ಸದ್ದು, ಅಷ್ಟೇ. ಮೂತಿ ಬಗ್ಗಿತು, ರೆಕ್ಕೆಗಳು ಸಮವಾದವು. ಹಳದಿ ನೆಲ ಮೇಲೆದ್ದು ಬಂತು. ಆಲಿಕಲ್ಲು ಮಳೆ ಬಿದ್ದಂತೆ ಸೂರ್ಯಕಾಂತಿಯ ತಲೆಗಳು ಹೊಟ್ಟೆಗೆ ಬಡಿದವು. ಆಮೇಲೆ ನೆಲ ಬಡಿಯಿತು. ಹಲ್ಲು ಹಲ್ಲಿಗೆ ಕುಟ್ಟಿತು. ಮುಂದಿನ ಗಾಜಿನ ಮೇಲೆ ಮಣ್ಣು, ಎಲೆ, ಹಳದಿ ದಳ. ಜಾರುತ್ತಾ ಜಾರುತ್ತಾ ಹೋಗಿ ಸ್ವಲ್ಪ ಓರೆಯಾಗಿ ನಿಂತೆವು.

ಮೊದಲು ಅವಳ ಕಡೆ ನೋಡಿದೆ. ಪೆಟ್ರೋಲು ಮುಚ್ಚುತ್ತಿದ್ದಳು, ಬ್ಯಾಟರಿ ಆರಿಸುತ್ತಿದ್ದಳು, ಬಾಯಲ್ಲಿ ಒಂದೊಂದನ್ನೇ ಹೇಳಿಕೊಳ್ಳುತ್ತಿದ್ದಳು. ಎಲ್ಲ ಮುಗಿದ ಮೇಲೆ ನನ್ನ ಭುಜ ತಟ್ಟಿ, ಬಾಗಿಲು ತೆಗಿ ಅಪ್ಪ, ನೀನು ತೆಗೆಯದೆ ನಾನು ಹೊರಗೆ ಹೋಗೋ ಹಾಗಿಲ್ಲ ಎಂದಳು. ಆಗ ಗೊತ್ತಾಯಿತು, ನಾನಿನ್ನೂ ಕೈಗಳ ಮೇಲೇ ಕೂತಿದ್ದೆ. ಎರಡೂ ಮರಗಟ್ಟಿದ್ದವು.

ಅಷ್ಟರಲ್ಲಿ ಎರಡು ಪೆಟ್ಟಿಗೆಗಳ ಬಲೆ ಹರಿದಿತ್ತು. ಹುಳಗಳು ಮುಂದಕ್ಕೆ ಬಂದವು. ಬಾಗಿಲಿನ ಹಿಡಿಯ ಜೊತೆ ಗುದ್ದಾಡುತ್ತಿದ್ದ ನನಗೆ ಮೇಲಿನ ತುಟಿಗೊಂದು, ಕಣ್ಣಿನ ರೆಪ್ಪೆಗೊಂದು, ಕಿವಿಗೆರಡು. ಇಬ್ಬರೂ ರೆಕ್ಕೆಯ ಮೇಲಿಂದ ಜಾರಿ ಬಿದ್ದು, ಆಳೆತ್ತರದ ಗಿಡಗಳ ನಡುವೆ ಓಡಿದೆವು. ಹುಳಗಳು ಅಷ್ಟು ದೂರ ಬರಲಿಲ್ಲ. ಸುತ್ತ ಅರಳಿದ ಹೊಲವೇ ಇರುವಾಗ ನನ್ನ ತುಟಿಯಲ್ಲಿ ಅವಕ್ಕೇನು ಕೆಲಸ.

ನಿಂತು ತಿರುಗಿ ನೋಡಿದೆ. ನನ್ನ ವಿಮಾನ ಹೊಟ್ಟೆಯ ಮೇಲೆ ಮಲಗಿತ್ತು. ಎರಡೂ ಪಂಖಗಳು ಹಿಂದಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಎಡ ರೆಕ್ಕೆ ಬುಡದಲ್ಲಿ ಮಡಚಿತ್ತು. ನನ್ನ ಚಳಿಗಾಲಗಳೆಲ್ಲ ಅಲ್ಲಿ ಬಿದ್ದಿದ್ದವು. ಮಗಳು ಪಕ್ಕದಲ್ಲಿ ನಿಂತಿದ್ದಳು, ಒಂದು ಗೀರೂ ಇಲ್ಲದೆ. ದೊಡ್ಡದು ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆದರೂ ನನ್ನ ಬಾಯಿಗೆ ಬಂದದ್ದು ಬೇರೆ.

“ಎಡಗಡೇದು ಓಡ್ತಿತ್ತು,” ಎಂದೆ. “ಓಡ್ತಿರೋ ಎಂಜಿನ್ನ ಕೈಯಾರೆ ನಿಲ್ಲಿಸಿದ್ಯಲ್ಲ. ನಾನಾಗಿದ್ರೆ ತಿರುಗಿಸಿ ವಾಪಸ್ ತಂದು ಇಳಿಸ್ತಿದ್ದೆ.”

ತುಟಿ ಬಾತು ಅರ್ಧ ಮಾತು ಒಳಗೇ ಉಳಿದಿರಬೇಕು. ಆದರೆ ಅವಳಿಗೆ ಅರ್ಥವಾಯಿತು.

“ಮುಳ್ಳು ಎಲ್ಲಿತ್ತು ನೋಡಿದ್ಯಾ?”

“ಮುಳ್ಳು ಕಟ್ಕೊಂಡು ಏನು? ಎಂಜಿನ್ ಓಡ್ತಿತ್ತು.”

“ನೀಲಿ ಗೆರೆ ಮುಟ್ಟಿರ್ಲಿಲ್ಲ,” ಎಂದಳು. “ಚೌಕಾಸಿ ಇಲ್ಲ ಅಂತ ನನಗೆ ಹೇಳ್ಕೊಟ್ಟಿದ್ದು ಯಾರು?”

ಹೇಳಿಕೊಡುವುದು ಬೇರೆ ಎಂದು ನಾನು ಕೂಗಾಡಿದೆ. ಇನ್ನೂ ಏನೇನೋ ಅಂದೆ. ನನ್ನ ಆಯುಷ್ಯವನ್ನು ಹೊಲದಲ್ಲಿ ಬಿಸಾಡಿದೆ, ಹೆದರಿಬಿಟ್ಟೆ, ಎಂದೆಲ್ಲ. ಹೆದರಿಬಿಟ್ಟೆ ಎಂದಾಗ ಅವಳ ಮುಖ ಬದಲಾಯಿತು.

ಗಿಡಗಳನ್ನು ತಳ್ಳಿಕೊಂಡು ದೆಲ್ಚೊ ಬಂದ. ಏದುಸಿರು ಬಿಡುತ್ತಾ, ರಾಣಿಹುಳಗಳು ಹೇಗಿವೆ ಎಂದು ಕೇಳಿದ. ಅವನ ಹಿಂದೆ ಅಕ್ಕ ಬಂದಳು, ತಲೆಯ ಬಟ್ಟೆ ಜಾರಿ ಹೆಗಲ ಮೇಲೆ ಬಿದ್ದಿತ್ತು. ನನ್ನನ್ನು ದಾಟಿ ಹೋಗಿ ರಾಲಿತ್ಸಾಳ ಮುಖ, ತೋಳು, ಬೆನ್ನು ತಡವಿ ನೋಡಿದಳು. ಆಮೇಲೆ ಅವಳ ಕೈ ಹಿಡಿದು ತನ್ನ ಮನೆಯ ದಾರಿ ಹಿಡಿದಳು. ಹೊಲದ ಅಂಚಿನಿಂದ ರಾಲಿತ್ಸಾ ಒಮ್ಮೆ ತಿರುಗಿ ನೋಡಿದಳು, ನನ್ನನ್ನಲ್ಲ, ವಿಮಾನವನ್ನು.

ಆ ದಿನದ ಮಿಕ್ಕ ಹೊತ್ತು ನಾನು ಕೂರಲಿಲ್ಲ. ಸೋಫಿಯಾದ ವಿಮಾನ ಅಪಘಾತದ ಕಚೇರಿಗೆ ಫೋನ್ ಮಾಡಿ ತಿಳಿಸಿದೆ. ವಿಚಾರಣೆಯವರು ಬರುವವರೆಗೂ ಏನನ್ನೂ ಮುಟ್ಟಬೇಡಿ ಎಂದರು. ಮತ್ತೆ ನನ್ನ ಕೈಗೆ ಕೆಲಸವಿಲ್ಲ. ರನ್‌ವೇ ಉದ್ದಕ್ಕೂ ನಡೆದೆ, ಗಿಡಗಳು ಮಲಗಿದ ಸಾಲಿನ ಉದ್ದಕ್ಕೂ ನಡೆದೆ, ತಿರುಗಿ ಬಂದೆ. ಇಲ್ಲಿ ಕೆಮ್ಮಿತು. ಇಲ್ಲಿ ನಾನು ಎಡಕ್ಕೆ ಹೊರಳಿಸುತ್ತಿದ್ದೆ. ಆ ಪಾಪ್ಲರ್ ಮರದ ಈಚೆಗೇ ತಿರುಗಿ, ಕಾಲುವೆಯ ಮೇಲೆ ಹಾದು, ರನ್‌ವೇಯ ಈ ತುದಿಗೆ ಇಳಿಯುತ್ತಿದ್ದೆ. ತೋಳು ಚಾಚಿ, ರೆಕ್ಕೆಯಂತೆ ವಾಲಿಸಿ ಲೆಕ್ಕ ಹಾಕಿದೆ. ಬಲೆ ತಲೆಗೆ ಹಾಕಿಕೊಂಡು ಹುಳಗಳನ್ನು ಬುಟ್ಟಿಗೆ ತುಂಬುತ್ತಿದ್ದ ದೆಲ್ಚೊ ನಿಂತು ನನ್ನನ್ನೇ ನೋಡುತ್ತಿದ್ದ. ಬಯ್ದು ಓಡಿಸಿದೆ. ಪ್ರತಿ ಸಲವೂ ನನ್ನ ಲೆಕ್ಕದಲ್ಲಿ ವಿಮಾನ ಉಳಿಯುತ್ತಿತ್ತು. ಪ್ರತಿ ಸಲವೂ ಮತ್ತೆ ಮೊದಲಿನಿಂದ ನಡೆಯಬೇಕು ಅನ್ನಿಸುತ್ತಿತ್ತು.

ಅಕ್ಕನ ಮನೆಗೆ ಹೋಗಲಿಲ್ಲ. ರಾಲಿತ್ಸಾ ಸೋಫಿಯಾದ ಕಂಪನಿಗೆ ಫೋನ್ ಮಾಡಿದಳಂತೆ ಎಂದು ದೆಲ್ಚೊ ಸಂಜೆ ಹೇಳಿದ. ನಾಳೆ ಮಧ್ಯಾಹ್ನದ ಬಸ್ಸಂತೆ. ಹೋಗಲಿ ಎಂದೆ. ಅಂದ ಮೇಲೆ ಎದ್ದು ಮತ್ತೆ ರನ್‌ವೇಗೆ ಹೋದೆ.

ಮರುದಿನ ಬೆಳಗ್ಗೆ ವಿಚಾರಣೆಗೆ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು, ಕಡಿಮೆ ಮಾತು, ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟು. ನನ್ನ ಮುಖ ನೋಡಿ ಜೇನಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಲಸ ಶುರುಮಾಡಿದಳು. ರಾಲಿತ್ಸಾಳ ಹತ್ತಿರ ಆಗಲೇ ಮಾತಾಡಿ ಬಂದಿದ್ದಳು. ಬಲಗಡೆಯ ಟ್ಯಾಂಕಿನ ತಳದಿಂದ ಉದ್ದನೆಯ ಗಾಜಿನ ಜಾಡಿಗೆ ಪೆಟ್ರೋಲು ಇಳಿಸಿದಳು. ತಳದಲ್ಲಿ ನಾಲ್ಕು ಬೆರಳಿನಷ್ಟು ನೀರು, ಅದರ ಮೇಲೆ ನೀಲಿ.

ನಾನು ಬಗ್ಗಿ ನೋಡಿದೆ, ನಂಬಲಿಲ್ಲ. ಹಾರುವ ಮುಂಚೆ ನೋಡಿದ್ದೇವೆ, ಒಂದು ಹನಿ ನೀರಿರಲಿಲ್ಲ, ಮಗಳೇ ನೋಡಿದಳು, ನನಗೂ ತೋರಿಸಿದಳು ಎಂದೆ. ಅವಳ ಪರವಾಗಿ ಮಾತಾಡುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ಹೆಂಗಸು ತಲೆ ತೂಗಿ, ಇನ್ನೊಂದು ಜಾಡಿ ತೆಗೆದುಕೊಂಡು ಎಡಗಡೆಗೆ ನಡೆದಳು.

“ಅದನ್ಯಾಕೆ ನೋಡ್ತೀರಿ?” ಎಂದೆ. “ಅದು ಚೆನ್ನಾಗಿ ಓಡ್ತಿತ್ತು.”

ಎಡಗಡೆಯ ಜಾಡಿಯಲ್ಲೂ ನೀರು ಬಂತು. ಎರಡು ಜಾಡಿಗಳನ್ನೂ ಅಕ್ಕಪಕ್ಕ ಇಟ್ಟಳು. ನೀರಿನ ಗೆರೆ ಎರಡರಲ್ಲೂ ಒಂದೇ ಮಟ್ಟಕ್ಕಿತ್ತು, ಯಾರೋ ಅಳೆದು ಹುಯ್ದ ಹಾಗೆ.

ಅವಳು ಎಡ ಎಂಜಿನ್ನಿಗೆ ಹೋಗುವ ಪೈಪು ಬಿಚ್ಚಿದಳು. ಬಟ್ಟಲಿಗೆ ಮೊದಲು ಬಿದ್ದದ್ದು ಸ್ವಲ್ಪ ಪೆಟ್ರೋಲು, ಅದರ ಬೆನ್ನಿಗೆ ನೀರು. ನಾವಿಬ್ಬರೂ ಆ ಬಟ್ಟಲನ್ನು ನೋಡುತ್ತಾ ಕೂತೆವು. ಹೊರಡುವ ಮುಂಚೆ ವಿಮಾನ ನಿಂತಿದ್ದ ಜಾಗ ಬಲಕ್ಕೆ ಸ್ವಲ್ಪ ಇಳಿಜಾರು. ಬಲಗಡೆಯ ನೀರು ಪೈಪಿನ ಬಾಯಿಗೆ ಮೊದಲು ತಲುಪಿದೆ, ಎಡಗಡೆಯದ್ದು ಸ್ವಲ್ಪ ಹಿಂದೆ ಬಿದ್ದಿದೆ ಎಂದಳು. ಹೆಚ್ಚು ಹಿಂದಲ್ಲ. ತೋಳು ಚಾಚಿ ನಾನು ನಿನ್ನೆಯೆಲ್ಲ ನಡೆದ ದಾರಿಯನ್ನು ನೋಡಿದೆ. ಅಷ್ಟು ಹೊತ್ತಿಗೆ ನಾನು ಪಾಪ್ಲರ್ ಮರಗಳ ಮೇಲೆ, ಒಂದು ರೆಕ್ಕೆ ಕೆಳಗೆ ಮಾಡಿ, ತಿರುವಿನ ನಡುವೆ ಇರುತ್ತಿದ್ದೆ. ಆಗ ಎಡಗಡೆಯದ್ದೂ ಕೆಮ್ಮುತ್ತಿತ್ತು.

ಹೆಂಗಸು ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ತೆಗೆದು, ಅಂಚಿನ ರಬ್ಬರನ್ನು ಉಗುರಿನಿಂದ ಒತ್ತಿದಳು. ಬಿಸಿಲಿಗೆ ಒಣಗಿದ್ದ ರಬ್ಬರು ಬಿಸ್ಕತ್ತಿನ ಹಾಗೆ ಉದುರಿತು.

“ಇದರ ರಿಪೇರಿ ಯಾರದ್ದು?”

“ನನ್ನದೇ,” ಎಂದೆ.

ಮೇಲೆ ನೀರು ನಿಂತರೆ ಒಳಗಿಳಿಯುತ್ತದೆ, ಸರಿ. ಆದರೆ ಮಳೆ ಬಂದಿತ್ತಾ ಎಂದು ಕೇಳಿದಳು. ವಾರಗಳಿಂದ ಒಂದು ಹನಿ ಬಿದ್ದಿಲ್ಲ. ಯಾರಾದರೂ ವಿಮಾನ ತೊಳೆದರಾ? ಇಲ್ಲ. ಹಾಗಾದರೆ ನೀರೆಲ್ಲಿಂದ ಬಂತು?

ಅಕ್ಕ ಆಗ ನಮಗೆ ಊಟ ತಂದು ಹೊಲದ ಅಂಚಿನಲ್ಲಿ ನಿಂತಿದ್ದಳು. ಬುಟ್ಟಿ ಕೆಳಗಿಟ್ಟಳು.

“ನಾನು ಹುಯ್ದೆ,” ಎಂದಳು.

ಇಬ್ಬರೂ ತಿರುಗಿದೆವು.

“ಹುಡುಗಿಗೆ ಹುಯ್ದ ಮೇಲೆ ಬಿಂದಿಗೇಲಿ ಮಿಕ್ಕಿತ್ತು. ಅವಳನ್ನ ಹೊತ್ಕೊಂಡು ಹೋಗೋದಲ್ವಾ, ಅದಕ್ಕೂ ಆಗ್ಲಿ ಅಂತ. ಆ ಮುಚ್ಚಳದ ಹತ್ರಾನೇ ನೀನು ಅದಕ್ಕೆ ಕುಡಿಸ್ತೀಯ, ಅದೇ ಅದರ ಬಾಯಿ ಅಂದ್ಕೊಂಡೆ. ಮುಚ್ಚಳ ತೆಗೀಲಿಲ್ಲ, ಮೇಲೇ ಹುಯ್ದೆ.” ಅವಳ ದನಿ ಸಣ್ಣಗಾಯಿತು. “ಎರಡು ಕಡೆಗೂ ಸಮ ಹುಯ್ದೆ ಕಣೋ. ಒಂದಕ್ಕೆ ಹುಯ್ದು ಇನ್ನೊಂದಕ್ಕೆ ಬಿಟ್ರೆ ಏನು ಚೆನ್ನ?”

ನಾನು ಬಾಯಿ ತೆರೆದೆ. ಬಯ್ಯಲೆಂದೇ ತೆರೆದದ್ದು. ನಮ್ಮಿಬ್ಬರನ್ನು ಕೊಲ್ಲುವಷ್ಟು ನೀರು ಹುಯ್ದು, ಅದನ್ನು ಸಮವಾಗಿ ಹುಯ್ದೆ ಎಂದು ಹೇಳುತ್ತಿದ್ದಾಳೆ. ಆದರೆ ಮುಚ್ಚಿಕೊಂಡೆ. ನನ್ನ ಕಣ್ಣು ಎಡಗಡೆಯ ಜಾಡಿಯ ಮೇಲಿತ್ತು. ಇವಳು ಬಲಗಡೆಗಷ್ಟೇ ಹುಯ್ದು ಸುಮ್ಮನಾಗಿದ್ದರೆ, ಸಾಯುವವರೆಗೂ ನಾನು ಆ ರನ್‌ವೇ ಮೇಲೆ ತೋಳು ಚಾಚಿಕೊಂಡು ನಡೆಯುತ್ತಿದ್ದೆ. ನಡೆದಷ್ಟು ಸಲವೂ ಮಗಳನ್ನು ಬಯ್ಯುತ್ತಿದ್ದೆ.

ಹೆಂಗಸು ಅಕ್ಕನನ್ನು ಕರೆದು, ಬಿಂದಿಗೆ ಎಷ್ಟು ದೊಡ್ಡದು ತೋರಿಸಿ ಎಂದಳು. ನಾನು ಕಾರಿನ ಕಡೆ ಓಡಿದೆ. ಮಧ್ಯಾಹ್ನದ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ.

ರಾಲಿತ್ಸಾ ಅಕ್ಕನ ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಬಾಗಿಲ ಪಕ್ಕ ಅವಳ ಚೀಲ ಸಿದ್ಧವಾಗಿತ್ತು. ನನ್ನನ್ನು ನೋಡಿ ಕೂರು ಎನ್ನಲಿಲ್ಲ. ನಾನೂ ಕೂರಲಿಲ್ಲ.

ಎಡಗಡೆಯಲ್ಲೂ ನೀರಿತ್ತು ಎಂದೆ. ಅತ್ತೆ ಹುಯ್ದದ್ದು, ರಬ್ಬರು ಒಣಗಿದ್ದದ್ದು, ಪೈಪಿನಿಂದ ಬಟ್ಟಲಿಗೆ ಬಿದ್ದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿದಳು. ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ. ಅತ್ತೆಯನ್ನು ಬಯ್ದೆಯಾ ಎಂದು ಕೇಳಿದಳು. ಇಲ್ಲ ಎಂದೆ. ನಂಬದವಳಂತೆ ನೋಡಿದಳು.

“ಇದನ್ನ ಹೇಳೋಕೇ ಬಂದ್ಯಾ?”

“ಹೂಂ.”

“ಎಡಗಡೆ ನೀರಿಲ್ದೇ ಇದ್ದಿದ್ರೆ? ಬರ್ತಿದ್ಯಾ?”

ಸುಳ್ಳು ಹೇಳಬಹುದಿತ್ತು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಯ್ಯಲು ಮಾತ್ರ ಬರುತ್ತದೆ.

“ಇವತ್ತು ಬರ್ತಿರ್ಲಿಲ್ಲ,” ಎಂದೆ.

“ಮತ್ತೆ ಯಾವತ್ತು?”

“ಕೋಪ ಇಳಿದ ಮೇಲೆ.”

“ಅಷ್ಟು ಹೊತ್ತಿಗೆ ನಾನು ಮುದುಕಿ ಆಗಿರ್ತಿದ್ದೆ.” ಬಟ್ಟಲನ್ನು ಪಕ್ಕಕ್ಕಿಟ್ಟಳು. “ನೋಡಪ್ಪ, ಎಡಗಡೆ ನೀರಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಆ ಎಂಜಿನ್ ಚೆನ್ನಾಗಿದೆ ಅಂತಾನೇ ತಿಳ್ಕೊಂಡು ನಿಲ್ಲಿಸ್ದೆ. ನೀರಿಲ್ದಿದ್ರೂ ಅದನ್ನೇ ಮಾಡ್ತಿದ್ದೆ. ನಾಳೆ ಇನ್ನೊಂದ್ಸಲ ಆದ್ರೂ ಅದನ್ನೇ ಮಾಡ್ತೀನಿ. ನೀರಿನ ಮಾತು ಬಿಡು. ನಾನು ಮಾಡಿದ್ದು ಸರಿನಾ, ತಪ್ಪಾ? ಅಷ್ಟು ಹೇಳು.”

ಚಪ್ಪರದ ಕೆಳಗೆ ಆಚೆಗೆ ಹೋದೆ, ಈಚೆಗೆ ಬಂದೆ. ಬಾಗಿಲ ಪಕ್ಕದ ಚೀಲವನ್ನು ನೋಡಿದೆ. ನೀರು ಸಿಕ್ಕ ಮೇಲೆ ಎಲ್ಲ ಸಲೀಸು ಎಂದುಕೊಂಡು ಓಡಿ ಬಂದಿದ್ದೆ. ನೀರನ್ನು ಪಕ್ಕಕ್ಕಿಡು ಎಂದರೆ ಉಳಿಯುವುದು ಗರ್ಜಿಸುವ ಆ ಎಂಜಿನ್, ಗೆರೆ ಮುಟ್ಟದ ಆ ಮುಳ್ಳು. ಎಂಜಿನ್ನಿನ ಸದ್ದು ಈಗಲೂ ಕಿವಿಯಲ್ಲಿತ್ತು. ಮುಳ್ಳನ್ನು ನಾನು ನೋಡಿಯೇ ಇರಲಿಲ್ಲ. ಅವಳು ನೋಡಿದ್ದಳು.

“ಸರಿ,” ಎಂದೆ.

“ಏನು?”

“ಸರಿ ಮಾಡ್ದೆ ಅಂದೆ. ಕಿವಿ ಕೇಳಲ್ವಾ ನಿನಗೆ? ಹೆದರಿದ್ದು ನಾನು. ನೀನಲ್ಲ.”

ಅವಳು ನನ್ನ ಬಾತ ತುಟಿಯನ್ನು ನೋಡಿದಳು.

“ನಿನ್ನ ಕೈ ಬಂತು,” ಎಂದಳು.

“ಬಂತು. ತೆಗೆದೆನಲ್ಲ.”

“ತೆಗೆದೆ. ಅದಕ್ಕೇ ಬೆಳಗಿನ ಬಸ್ ಬಿಟ್ಟು ಮಧ್ಯಾಹ್ನದ್ದಕ್ಕೆ ಕಾದೆ.”

ಎದ್ದು, ಮಡಿಲಿನ ನಾರು ಕೊಡವಿ, ಕಾರಿನ ಕೀಲಿಗೆ ಕೈ ಚಾಚಿದಳು. ಹೊಲದವನು ವಿಮಾನ ಎತ್ತಿಸಿ ಎಂದು ಗಲಾಟೆ ಮಾಡುವ ಮುಂಚೆ ಕ್ರೇನಿನವನನ್ನು ನೋಡಬೇಕು, ವಿಚಾರಣೆಯವರ ಜೊತೆ ಇನ್ನೊಮ್ಮೆ ಮಾತಾಡಬೇಕು, ಎಡ ಎಂಜಿನ್ನಿಗೆ ಎಷ್ಟು ಪೆಟ್ಟಾಗಿದೆ ಬಿಚ್ಚಿ ನೋಡಬೇಕು ಎಂದಳು. ಸೋಫಿಯಾದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚೀಲ ಬಾಗಿಲ ಪಕ್ಕದಲ್ಲೇ ಇತ್ತು.

ನಾವು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಹೊಲದಿಂದ ಬಂದಳು, ಕೈಯಲ್ಲಿ ಅದೇ ಬಿಂದಿಗೆ. ನಿನ್ನೆ ಶೆಡ್ಡಿನ ಹತ್ತಿರವೇ ಬಿಟ್ಟುಬಂದಿದ್ದನ್ನು ಅಳತೆ ತೋರಿಸಲು ತೆಗೆದುಕೊಂಡಿದ್ದಳು, ತೋರಿಸುವಾಗ ತುಂಬಿದ್ದ ನೀರು ಇನ್ನೂ ಅದರಲ್ಲಿತ್ತು. ನಾವಿಬ್ಬರೂ ಹೊರಟಿರುವುದನ್ನು ನೋಡಿ ಅವಳ ತೋಳು ಅಭ್ಯಾಸದಿಂದ ಮುಂದೆ ಬಂತು. ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು.

“ಹುಯ್ಯಿ ಅಕ್ಕ,” ಎಂದೆ. “ನೆಲಕ್ಕೆ.”

ಹುಯ್ದಳು. ರಾಲಿತ್ಸಾ ದಾಟಿದಳು, ನಾನೂ ದಾಟಿದೆ. ಮಗಳು ಕಾರು ಶುರುಮಾಡಿದಳು. ಅಕ್ಕನ ಮನೆಯ ತಿರುವಿನಲ್ಲಿ ಗೇರ್ ಇಳಿಸಬೇಕು, ಎಲ್ಲರೂ ಇಳಿಸುತ್ತಾರೆ. ಅವಳು ಇಳಿಸಲಿಲ್ಲ. ನಾನು ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಕಿಟಕಿಯಾಚೆ ನೋಡುತ್ತಾ ಕೂತೆ.